ಟವಲಿನ ಕೆಳಗೆ ಮೂರು ಬೆರಳು

ನನ್ನ ತಂಗಿಗೆ ಎಂಟು ವರ್ಷ, ನನಗೆ ಹದಿನಾರು. ಆದೋನಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಕರ್ನೂಲಿಗೆ ಸೇರಿ ಆಗ ನಾಲ್ಕೈದು ವರ್ಷ ಕಳೆದಿತ್ತು. ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ನನ್ನ ದಿನಚರಿಯಲ್ಲಿ ಎರಡೂ. ಹನ್ನೆರಡನೆಯ ವಯಸ್ಸಿನಿಂದ ಬರೆಯುತ್ತ ಬಂದಿದ್ದೆ. ಮಳೆ ಬಂದ ದಿನ, ಬಾರದ ದಿನ, ಮನೆಗೆ ಬಂದವರು, ಬೆಕ್ಕು ಹಾಕಿದ ಮರಿಗಳು, ತಂಗಿ ಶಾಲೆಗೆ ತಡವಾಗಿ ಹೋದ ದಿನಗಳು. ಬರೆಯದ ದಿನ ಊಟ ಮಾಡದ ಹಾಗೆ ಇರುತ್ತಿತ್ತು, ಅಷ್ಟೆ.

ಆಷಾಢದ ಕೊನೆಯ ವಾರ ತಂಗಿಗೆ ಗಂಟಲು ನೋವು ಬಂದು ಹೋಯಿತು. ಶ್ರಾವಣದ ಮೊದಲ ಸೋಮವಾರ ಎದ್ದಾಗ ಅವಳ ಕಣ್ಣುರೆಪ್ಪೆಗಳು ಉಬ್ಬಿ ಕಣ್ಣು ಗೆರೆಯಷ್ಟೇ ಕಾಣುತ್ತಿದ್ದವು. ಮೂರನೆಯ ದಿನಕ್ಕೆ ಪಾದ, ಆಮೇಲೆ ಹೊಟ್ಟೆ. ನಮ್ಮ ಬೀದಿಯ ಡಾಕ್ಟರು ತೆಲುಗಿನವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಅವರು ಕಾಲಿನ ಮೇಲೆ ಹೆಬ್ಬೆರಳೊತ್ತಿ, ಬಿದ್ದ ಕುಳಿ ತುಂಬಿಕೊಳ್ಳುವವರೆಗೂ ಸುಮ್ಮನೆ ನೋಡುತ್ತ ಕೂತರು. ನಾನು ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತೆರಡು.

"ಮೂತ್ರಪಿಂಡ ಸರಿಯಾಗಿ ಸೋಸವಲ್ದು," ಎಂದರು. "ಕುಡಿಯೋ ನೀರೆಷ್ಟು, ಹೋಗೋ ಮೂತ್ರ ಎಷ್ಟು, ದಿನಾ ಅಳೆದು ಬರೀಬೇಕು. ಯಾರು ಬರೀತೀರಿ?"

ಅಮ್ಮ, ಅಜ್ಜಿ, ಅಪ್ಪ ಮೂವರೂ ನನ್ನ ಕಡೆಗೆ ತಿರುಗಿದರು.

ಕಾಂಪೌಂಡರು ಔಷಧಿ ಕೊಡುವ ಬಾಟಲಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿರುತ್ತಾರಲ್ಲ, ಅಂಥ ಒಂದು ಬಾಟಲಿಗೆ ಔನ್ಸಿನ ಗುರುತು ಹಾಕಿಸಿಕೊಂಡು ಬಂದೆ. ಮೊದಲ ದಿನ ಹದಿನಾಲ್ಕು ಔನ್ಸು. ಹತ್ತನೆಯ ದಿನ ಒಂಬತ್ತು. ಭಾದ್ರಪದ ಹುಟ್ಟುವ ಹೊತ್ತಿಗೆ ನಾಲ್ಕು.

"ಅಕ್ಕ, ಇವತ್ತು ಎಷ್ಟು ಮಾರ್ಕು?" ಎಂದು ತಂಗಿ ಮಂಚದ ಮೇಲಿಂದ ಕೇಳುವಳು.

"ನಾಲ್ಕು."

"ಫೇಲ್ ಬಿಡು."

ಡಾಕ್ಟರ ಸಹಪಾಠಿಯೊಬ್ಬರು ಮದ್ರಾಸಿನ ದೊಡ್ಡ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಹೊಸದೊಂದು ವಿಧಾನ ನಡೆಯುತ್ತಿದೆಯೆಂದು ಡಾಕ್ಟರು ಅಪ್ಪನಿಗೆ ಹೇಳಿದರು. ಹೊಟ್ಟೆಯ ಗೋಡೆಗೆ ಸಣ್ಣ ತೂತು ಮಾಡಿ ರಬ್ಬರ್ ನಳಿಕೆ ಇಳಿಸುತ್ತಾರೆ. ಉಪ್ಪು ಸಕ್ಕರೆ ಬೆರೆಸಿದ ಶುದ್ಧ ನೀರನ್ನು ಒಳಗೆ ಬಿಟ್ಟು, ಸ್ವಲ್ಪ ಹೊತ್ತು ಇರಿಸಿ, ಹೊರಗೆ ಹರಿಸುತ್ತಾರೆ. ಮೂತ್ರಪಿಂಡ ಸೋಸಿ ತೆಗೆಯಬೇಕಾದ ಕೆಟ್ಟದ್ದು ಆ ನೀರಿನ ಜೊತೆ ಬರುತ್ತದೆ. ಮೈಯಲ್ಲಿ ನಿಂತ ನೀರೂ ಸೇರಿ, ಬಿಟ್ಟದ್ದಕ್ಕಿಂತ ಹೆಚ್ಚು ಹೊರಗೆ ಬರುತ್ತದೆ. ದೊಡ್ಡವರಿಗೆ ಮಾಡಿದ್ದಾರೆ, ಮಕ್ಕಳಿಗೆ ಮಾಡಿದ್ದು ಬಹಳ ಕಡಿಮೆ.

ಹೊಟ್ಟೆಯಲ್ಲಿ ಬಿಟ್ಟ ನೀರು ಹೊರಗೆ ಬರುವಾಗ ಹೆಚ್ಚಾಗಿ ಬರುವುದು ಹೇಗೆಂದು ನನಗೆ ತಿಳಿಯಲಿಲ್ಲ. ಕೇಳಿದೆ. ಡಾಕ್ಟರು ಬೈಯಲಿಲ್ಲ. ತಮ್ಮ ಮನೆಯಿಂದ ಎರಡು ಒಣದ್ರಾಕ್ಷಿ ತರಿಸಿ ಕೊಟ್ಟರು. "ಒಂದು ನೀರಿಗೆ ಹಾಕು, ಊದತೈತಿ. ಊದಿದ್ದನ್ನ ತೆಗೆದು ಗಟ್ಟಿ ಸಕ್ಕರೆ ಪಾಕಕ್ಕ ಹಾಕು, ಏನಾಗತೈತೋ ನಾಳೆ ಬಂದು ನನಗೆ ಹೇಳು, ಅಮ್ಮಾಯಿ."

ಕಿಟಕಿಯ ಕಟ್ಟೆಯ ಮೇಲೆ ಎರಡು ಲೋಟ ಇಟ್ಟೆವು. ತಂಗಿ ಅವುಗಳ ಕಾವಲು ಕೂತಳು. ಪಾಕಕ್ಕೆ ಬಿದ್ದ ದ್ರಾಕ್ಷಿ ಮರುದಿನ ಬೆಳಿಗ್ಗೆ ಮತ್ತೆ ಸುಕ್ಕುಗಟ್ಟಿತ್ತು. ಸಿಪ್ಪೆ ಎಲ್ಲೂ ಹರಿದಿರಲಿಲ್ಲ. ಸಿಪ್ಪೆಯೊಳಗಿನಿಂದಲೇ ನೀರು ಸಕ್ಕರೆಯ ಕಡೆಗೆ ಹೋಗಿತ್ತು.

"ಹಂಗಾದ್ರ ನಾನು ದ್ರಾಕ್ಷಿ," ಎಂದಳು ತಂಗಿ, ಹೊಟ್ಟೆ ಮುಟ್ಟಿಕೊಂಡು.

ಮದ್ರಾಸಿಗೆ ಡಾಕ್ಟರು ಬರೆದ ಕಾಗದಕ್ಕೆ ಎಂಟನೆಯ ದಿನ ಉತ್ತರ ಬಂತು. ಅದರಲ್ಲಿ ಒಂದು ಪ್ರಶ್ನೆಯಿತ್ತು: ರೋಗ ಯಾವಾಗ ಶುರುವಾಯಿತು? ಈಚೆಗೆ ದಿಢೀರನೆ ಬಂದದ್ದಾದರೆ ಮೂತ್ರಪಿಂಡ ತಾನಾಗಿ ಚೇತರಿಸಿಕೊಳ್ಳಬಹುದು, ಅಲ್ಲಿಯವರೆಗೆ ತೊಳೆದು ದಾಟಿಸಬಹುದು. ಒಳಗೊಳಗೇ ವರ್ಷಗಟ್ಟಲೆ ಹಾಳಾಗಿದ್ದರೆ ಎಷ್ಟು ತೊಳೆದರೂ ದಡ ಸಿಗುವುದಿಲ್ಲ. ಅಂಥ ಮಕ್ಕಳನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ನೋವು ಕೊಟ್ಟು ದಿನ ಹೆಚ್ಚಿಸಿದಂತಾಗುತ್ತದೆ.

"ಆಷಾಢಕ್ಕ ಗಂಟಲು ನೋವು ಬಂತಲ್ರಿ, ಆವಾಗಿಂದ," ಎಂದಳು ಅಮ್ಮ. ಅಪ್ಪನೂ ಹೌದೆಂದರು. ಡಾಕ್ಟರು ಹಾಗೆಯೇ ಬರೆಯಲು ಪೆನ್ನು ತೆಗೆದರು.

ನನಗೆ ಮಾತ್ರ ಎಲ್ಲೋ ಏನೋ ಬರೆದ ನೆನಪು. ಮನೆಗೆ ಓಡಿ ಹಳೆಯ ಎರಡು ಪುಸ್ತಕ ತೆಗೆದೆ. ಹಿಂದಿನ ವರ್ಷದ ಯುಗಾದಿಗೆ ಬರೆದಿದ್ದೆ: 'ತಂಗಿಯ ಕಾಲ್ಗೆಜ್ಜೆ ಬಿಚ್ಚಲು ಆಗಲಿಲ್ಲ, ಎಣ್ಣೆ ಹಚ್ಚಿ ತೆಗೆದೆವು.' ಅದರ ಹಿಂದಿನ ಕಾರ್ತಿಕದಲ್ಲಿ: 'ಕಣ್ಣು ಊದಿ ಶಾಲೆಗೆ ತಡ, ಈ ತಿಂಗಳು ಆರನೆಯ ಸಲ. ಹೆಚ್ಚು ನಿದ್ದೆ ಎಂದು ಅಜ್ಜಿ ಬೈದರು.' ಆ ಪುಟಗಳ ನಡುವೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತೆ. ಇದನ್ನು ತೋರಿಸಿದರೆ ಮದ್ರಾಸಿನ ಬಾಗಿಲು ಮುಚ್ಚಬಹುದು. ತೋರಿಸದಿದ್ದರೆ, ಪ್ರಯೋಜನವಿಲ್ಲದ ನಳಿಕೆಯನ್ನು ಅವಳ ಹೊಟ್ಟೆಗೆ ಇಳಿಸಲು ನಾನೇ ಕಾರಣವಾಗಬಹುದು. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ಯಾವ ಪಾಠದಲ್ಲೂ ಓದಿರಲಿಲ್ಲ. ಒಂದು ಇಡೀ ದಿನ ಪುಸ್ತಕಗಳನ್ನು ಹಾಸಿಗೆಯ ಕೆಳಗೆ ಇಟ್ಟುಕೊಂಡೆ. ಮರುದಿನ, ಕಾಗದ ಅಂಚೆಗೆ ಹೋಗುವ ಮೊದಲು, ಡಾಕ್ಟರ ಮೇಜಿನ ಮೇಲೆ ಎರಡೂ ಪುಸ್ತಕ ಇಟ್ಟೆ.

ಹಾಲಹರವಿಯಿಂದ ಬಂದಿದ್ದ ಸೋದರಮಾವನಿಗೆ ಇದು ಗೊತ್ತಾದಾಗ ಅವರು ನನ್ನನ್ನು ಕೆಕ್ಕರಿಸಿ ನೋಡಿದರು. "ನಿನ್ನ ಪುಸ್ತಕ ಯಾರು ಕೇಳಿದ್ರು? ಶಾನುಭೋಗ ಆಗಬೇಕಿತ್ತು ನೀನು, ತಪ್ಪಿ ಹೆಣ್ಣಾಗಿ ಹುಟ್ಟೀದಿ."

ಡಾಕ್ಟರು ಮಾತ್ರ ನನ್ನ ಎರಡೂ ವಾಕ್ಯಗಳನ್ನು ಇದ್ದಹಾಗೆ ಇಂಗ್ಲಿಷಿಗೆ ಇಳಿಸಿ ಕಳಿಸಿದರು. ಈ ಸಲ ಉತ್ತರ ಬೇಗ ಬಂತು. ರೋಗ ಹಳೆಯದು, ಅದರ ಮೇಲೆ ಗಂಟಲಿನ ಸೋಂಕು ಹೊಸ ಪೆಟ್ಟು ಕೊಟ್ಟಿರಬಹುದು. ಹೊಸ ಪೆಟ್ಟಿನಷ್ಟು ಮಾತ್ರ ವಾಸಿಯಾಗುವ ಸಣ್ಣ ಆಸೆಯಿದೆ. ಕರೆತಂದರೆ ಪ್ರಯತ್ನಿಸುತ್ತೇವೆ, ಭರವಸೆ ಕೊಡುವುದಿಲ್ಲ. ಎಲ್ಲಿಗೆ ನಿಲ್ಲಿಸಬೇಕೆಂದು ಹೊರಡುವ ಮೊದಲೇ ಮನೆಯವರು ಯೋಚಿಸಿಕೊಂಡು ಬರಲಿ.

ನನಗೆ ಆಶ್ಚರ್ಯ ಹುಟ್ಟಿಸಿದ್ದು ಈ ಕೊನೆಯ ಮಾತು. ಶುರು ಮಾಡುವ ಮೊದಲೇ ನಿಲ್ಲಿಸುವುದರ ಬಗ್ಗೆ ಯಾರು ಯೋಚಿಸುತ್ತಾರೆ?

ಅಪ್ಪ ಹತ್ತಿ ದಲ್ಲಾಳಿ. ಆದೋನಿಯ ಹತ್ತಿ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನ ಕೈ, ದಲ್ಲಾಳಿಯ ಕೈ, ಎರಡರ ಮೇಲೂ ಟವಲು. ಬೆರಳು ಹಿಡಿದು, ಒತ್ತಿ, ಮಡಿಸಿ ಬೆಲೆ ಹೇಳುವುದು. ಸುತ್ತ ನಿಂತವರಿಗೆ ಟವಲು ಅಲುಗುವುದಷ್ಟೇ ಕಾಣುತ್ತಿತ್ತು. ಕೈ ತೆಗೆದರೆ ಮಾತು ಮುಗಿಯಿತು. ಆಮೇಲೆ ಅದನ್ನು ಎತ್ತುವವನಿಗೆ ಪೇಟೆಯಲ್ಲಿ ಮರ್ಯಾದೆ ಇಲ್ಲ. ರಜೆಯಲ್ಲಿ ಅಪ್ಪನ ಜೊತೆ ಹೋಗಿ ಬೇಲುಗಳ ಮೇಲೆ ಕೂತು ತಂಗಿ ಇದನ್ನೆಲ್ಲ ನೋಡಿದ್ದಳು. ಮನೆಯಲ್ಲಿ ಬೆಕ್ಕಿನ ಪಂಜ ಹಿಡಿದು ಬ್ಯಾಪಾರ ಮಾಡುತ್ತಿದ್ದಳು.

ಕಾಗದ ಬಂದ ಮಧ್ಯಾಹ್ನ ಊಟ ಮುಗಿದ ಮೇಲೆ ಅಪ್ಪ ಪಡಸಾಲೆಯಲ್ಲಿ ಹೆಗಲ ಮೇಲಿನ ಟವಲು ತೆಗೆದು ತೊಡೆಯ ಮೇಲೆ ಹಾಸಿದರು.

"ಒಬ್ಬೊಬ್ಬರ ಬರ್ರಿ. ಮದ್ರಾಸಿಗೆ ಹೋಗೂದು ಅನ್ನೂದಾದ್ರ ಕೈ ಬಿಚ್ಚಿ ಕೊಡ್ರಿ. ಬ್ಯಾಡ ಅನ್ನೂದಾದ್ರ ಮುಷ್ಟಿ."

"ನನಗೇನು ಹತ್ತಿ ಮಾರೂದೈತೇನೋ?" ಎಂದರು ಅಜ್ಜಿ. "ಬಾಯಿ ಐತಿ, ಬಾಯಿಲೆ ಹೇಳ್ತೀನಿ."

"ಬಾಯಿಲೆ ಹೇಳಬ್ಯಾಡವ್ವ. ಇವತ್ತು ನೀ ಬ್ಯಾಡ ಅಂದಿ ಅನ್ನು. ನಾಳೆ ಕೂಸಿಗೆ ಹೆಚ್ಚುಕಮ್ಮಿ ಆತು. ನನ್ನ ಹೇಣ್ತಿ ನಿನ್ನ ಮುಖ ನೋಡ್ತಾಳೇನು? ಹೋಗೂಣ ಅಂದಾಕಿನ ಗತೀನೂ ಅಷ್ಟ. ಯಾರು ಏನಂದ್ರು ನನಗೊಬ್ಬಗ ಗೊತ್ತಿರಲಿ."

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಟವಲಿನ ಕೆಳಗೆ ಹಾಕಿದರು. ಆಮೇಲೆ ಸೋದರಮಾವ. ಆಮೇಲೆ ಅಮ್ಮ, ಅವಳ ಕೈ ಬಹಳ ಹೊತ್ತು ಒಳಗೇ ಇತ್ತು. ನಾನು ಮೊಣಕೈಗಳನ್ನೇ ನೋಡುತ್ತಿದ್ದೆ, ಮುಷ್ಟಿ ಕಟ್ಟಿದರೆ ಮೇಲಿನ ನರ ಎದ್ದು ಕಾಣಬಹುದೆಂದು. ಏನೂ ತಿಳಿಯಲಿಲ್ಲ. ಅಪ್ಪ ನನ್ನನ್ನೂ ಕರೆದರು. ಲೆಕ್ಕ ಬರೆಯುವವಳಿಗೂ ಮಾತಿದೆ ಎಂದರು. ನಾನು ಕೈ ಬಿಚ್ಚಿ ಕೊಟ್ಟೆ. ಪುಸ್ತಕ ತೋರಿಸಿದ ತಪ್ಪನ್ನು ತೊಳೆಯಲೆಂದು ಹಾಗೆ ಮಾಡಿದೆನೋ, ನೀರು ಹೇಗೆ ಬರುತ್ತದೆಂದು ನೋಡುವ ಆಸೆಯಿಂದಲೋ, ಈಗಲೂ ಹೇಳಲಾರೆ.

ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಒಳಗಿನ ಕೋಣೆಯಿಂದ ತಂಗಿಯ ಧ್ವನಿ ಬಂತು. ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡುತ್ತಿದ್ದಳು.

"ಅಪ್ಪಾ, ಮಾಲು ಯಾರದು?"

"ಯಾವ ಮಾಲವ್ವ?"

"ನನ್ನ ಹೊಟ್ಟಿ. ಒಡತೀನ್ನ ಕೇಳಲಾರದ ಬ್ಯಾಪಾರ ಮಾಡ್ತೀರೇನು?"

"ಸಣ್ಣ ಕೂಸಿನ್ನ ಯಾರು ಕೇಳ್ತಾರ?" ಎಂದರು ಅಜ್ಜಿ. "ಬೇವಿನ ಕಷಾಯ ಕುಡೀತಿಯೇನು ಅಂತ ಕೇಳಿ ಕುಡಿಸ್ತಾರೇನು?"

ಅಪ್ಪ ಎದ್ದು ಟವಲು ಹಿಡಿದುಕೊಂಡೇ ಅವಳ ಮಂಚದ ಹತ್ತಿರ ಹೋಗಿ ಕೂತರು. ಅದುವರೆಗೆ ಬಂದ ಕೈಗಳಲ್ಲಿ ಎಷ್ಟು ಬಿಚ್ಚಿದ್ದವು, ಎಷ್ಟು ಮುಷ್ಟಿ ಎಂದು ಅವರು ಯಾರಿಗೂ ಹೇಳಲಿಲ್ಲ. ನನ್ನ ಪುಸ್ತಕದಲ್ಲಿ ಆ ಸಾಲು ಖಾಲಿ ಇದೆ.

"ಚುಚ್ತಾರಾ?" ಎಂದಳು ತಂಗಿ.

"ಚುಚ್ತಾರ."

"ನೂಸತೈತಾ?"

"ಚುಚ್ಚೂ ಮುಂದ ನೂಸತೈತಿ. ಆಮ್ಯಾಲೆ ಅಷ್ಟಿಲ್ಲ ಅಂತಾರ. ನಾ ಕಂಡಿಲ್ಲ."

"ವಾಸಿ ಆಗತೈತಾ?"

ಅಪ್ಪ ಬಾಗಿಲಲ್ಲಿ ನಿಂತ ಅಮ್ಮನ ಕಡೆ ನೋಡಿದರು. "ಆಗಬಹುದು. ಆಗದನೂ ಇರಬಹುದು. ಆಗದ್ದೇ ಹೆಚ್ಚು ಅಂತ ಬರದಾರ."

ಅವಳು ಊದಿದ ಪುಟ್ಟ ಕೈಯನ್ನು ಟವಲಿನ ಕೆಳಗೆ ಹಾಕಿದಳು. ಟವಲು ಅಲುಗಿತು, ನಿಂತಿತು, ಮತ್ತೆ ಅಲುಗಿತು. ಅಪ್ಪ ಹುಬ್ಬು ಗಂಟಿಕ್ಕಿದರು. ಆಮೇಲೆ ಪೇಟೆಯಲ್ಲಿ ಮಾಡುವ ಹಾಗೆಯೇ ತಲೆ ಅಡ್ಡಡ್ಡ ಆಡಿಸಿದರು. ಅವಳೂ ಆಡಿಸಿದಳು. ಕೊನೆಗೆ ಇಬ್ಬರೂ ಕೈ ತೆಗೆದರು.

"ಮೂರು ದಿನ," ಎಂದರು ಅಪ್ಪ ನಮ್ಮ ಕಡೆ ತಿರುಗಿ. ಮುಖದಲ್ಲಿ ನಗು ಇರಲಿಲ್ಲ, ಆದರೆ ಒಂದು ಬಗೆಯ ಗೌರವ ಇತ್ತು. "ನಾ ಐದು ಅಂದೆ, ಆಕಿ ಎರಡು ಅಂದ್ಲು. ಮೂರಕ್ಕ ಕುದುರೇತಿ. ಮೂರು ದಿನ ತೊಳಸಿಕೊಂತಾಳ. ನಾಲ್ಕನೇ ದಿನ ಮನಿಗೆ."

ಡಾಕ್ಟರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು. "ನಾನೂ ನನ್ನ ಸ್ನೇಹಿತನೂ ಎಂಟು ಪುಟ ಬರೆದು ಇತ್ಯರ್ಥ ಮಾಡಲಿಲ್ಲ. ಈಕಿ ಒಂದು ಕೈಯಾಗ ಮಾಡ್ಯಾಳ. ಸರೇ, ಹಾಗೇ ಬರೀತೀನಿ."

ಅಪ್ಪ, ಅಮ್ಮ, ನಾನು ಅವಳನ್ನು ಮದ್ರಾಸಿಗೆ ಕರೆದುಕೊಂಡು ಹೋದೆವು. ಅಳತೆ ಬರೆಯುವವರೂ ಬರಲಿ ಎಂದು ಅಲ್ಲಿಂದಲೇ ಹೇಳಿಕಳಿಸಿದ್ದರು. ಚುಚ್ಚುವಾಗ ನಮ್ಮನ್ನು ಹೊರಗೆ ಕಳಿಸಿದರು; ಅವಳ ಕೂಗು ಒಮ್ಮೆ ಕೇಳಿಸಿತು. ಒಳಗೆ ಹೋದಾಗ ಕಂಬಿಗೆ ಎರಡು ಗಾಜಿನ ಬಾಟಲಿ ತಲೆಕೆಳಗಾಗಿ ತೂಗುತ್ತಿದ್ದವು. ಹತ್ತು ನಿಮಿಷ ನೀರು ಒಳಗೆ. ಮುಕ್ಕಾಲು ಗಂಟೆ ಸುಮ್ಮನೆ. ಆಮೇಲೆ ನೆಲದ ಮೇಲಿನ ಬಾಟಲಿಗೆ ಹೊರಗೆ. ಮೊದಲ ಸಲ ಸ್ವಲ್ಪ ಕೆಂಪು, ಆಮೇಲೆ ತಿಳಿ ಹಳದಿ. ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ನರ್ಸು ತನ್ನ ಕಾಗದದಲ್ಲಿ ಬರೆದಳು, ನಾನು ನನ್ನ ಪುಸ್ತಕದಲ್ಲಿ. ಐದನೆಯ ಸುತ್ತಿನಲ್ಲಿ ಹೋದದ್ದಕ್ಕಿಂತ ಏಳು ಔನ್ಸು ಹೆಚ್ಚು ಬಂತು. ನಾನು ಅದನ್ನು ಓದಿ ಹೇಳಿದಾಗ ತಂಗಿ ಕಣ್ಣು ಮುಚ್ಚಿಕೊಂಡೇ, "ಪಾಸು," ಎಂದಳು.

ಮೂರನೆಯ ದಿನ ಅವಳ ಕಣ್ಣು ಪೂರ್ತಿ ತೆರೆದಿದ್ದವು. ಸುಮಾರು ಎರಡು ತಿಂಗಳ ನಂತರ ಅವಳ ಮುಖವನ್ನು ಅವಳ ಮುಖವಾಗಿ ನೋಡಿದೆವು. ಸಂಜೆ ಅಲ್ಲಿನ ಡಾಕ್ಟರು ಬಂದು, ರಕ್ತದಲ್ಲಿನ ಕೆಟ್ಟದ್ದು ಇಳಿದಿದೆ, ಮೂತ್ರ ಮಾತ್ರ ಹೆಚ್ಚಿಲ್ಲ ಎಂದರು. ಇನ್ನೆರಡು ದಿನ ನೋಡಬಹುದು, ಆಸೆ ಸಣ್ಣದು, ನಿರ್ಧಾರ ನಿಮ್ಮದು.

"ಮಾತು ಮೂರು ದಿನದ್ದು," ಎಂದರು ಅಪ್ಪ. ಅದನ್ನು ಹೇಳುವಾಗ ಅವರ ಬೆನ್ನು ನೆಟ್ಟಗಿತ್ತು. ಮಗಳಿಗೆ ಕೊಟ್ಟ ಮಾತನ್ನು ಪೇಟೆಯ ದೊಡ್ಡ ಸಾಹುಕಾರನಿಗೆ ಕೊಟ್ಟ ಮಾತಿನ ಹಾಗೆ ಉಳಿಸಿಕೊಳ್ಳುತ್ತಿರುವುದು ನಮಗೆಲ್ಲ ಸರಿಯಾಗಿಯೇ ಕಂಡಿತು.

ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದರು. ನಳಿಕೆ ತೆಗೆಯಲು ನರ್ಸು ಇನ್ನೂ ಬಂದಿರಲಿಲ್ಲ. ತಂಗಿ ಟ್ರಂಕನ್ನೇ ನೋಡುತ್ತಿದ್ದಳು. ಊರಿಗೆ ಹೋಗುವ ಹುಡುಗಿಯ ಮುಖ ಅದಾಗಿರಲಿಲ್ಲ.

"ಯಾಕ, ಹೋಗೂದು ಬ್ಯಾಡೇನು?" ಎಂದೆ ಮೆಲ್ಲಗೆ.

"ಕೈ ತೆಗೆದಿಂದ ಕೇಳಬಾರದಲ್ಲ."

"ಏನು ಕೇಳಬಾರದು?"

"ಇವತ್ತು ಉಸಿರು ಹಗುರ ಐತಿ, ಅಕ್ಕ. ಇನ್ನೆರಡು ದಿನ ಇದ್ರ ಏನಾಗತೈತಿ ಅಂತ ನೋಡಬೇಕು ಅನಸತೈತಿ. ಆದ್ರ ನಾನ ಮೂರು ಅಂದೀನಲ್ಲ. ಅಪ್ಪಗ ಹೇಳಬ್ಯಾಡ, ಸಿಟ್ಟಾಗ್ತಾನ."

ಅಪ್ಪನಿಗೆ ಕೇಳಿಸಿತ್ತು. ಕೈಯಲ್ಲಿದ್ದ ಅಂಗಿಯನ್ನು ಹಾಗೇ ಹಿಡಿದು ಟ್ರಂಕಿನ ಅಂಚಿನ ಮೇಲೆ ಕೂತುಬಿಟ್ಟರು. ನಾವು ಅವಳನ್ನು ಕೇಳಿದೆವೆಂದು ಹೆಮ್ಮೆಪಟ್ಟಿದ್ದೆವು. ಕೇಳಿದ್ದು ಒಂದೇ ಸಲ, ಊದಿದ ಹೊಟ್ಟೆಯಲ್ಲಿ ಉಸಿರು ಕಟ್ಟಿ ಮಲಗಿದ್ದಾಗ. ಆ ಮಾತಿಗೆ ಈಗ ಹಗುರಾಗಿ ಉಸಿರಾಡುವ ಅವಳನ್ನು ಕಟ್ಟಿಹಾಕಿದ್ದೆವು. ಪೇಟೆಯವರಲ್ಲದ ಮನೆಯಲ್ಲಿ ಈ ತಪ್ಪು ಆಗುತ್ತಿರಲಿಲ್ಲವೇನೋ.

"ಆ ಕಟ್ಟಳೆ ಹತ್ತಿಗವ್ವ," ಎಂದರು ಅಪ್ಪ ಕೊನೆಗೆ. "ನಿನಗಲ್ಲ. ನೀ ದಿನಾ ಬದಲಿ ಹೇಳು. ಹೊತ್ತಿಗೊಮ್ಮೆ ಹೇಳು."

"ಖರೇನಾ?"

"ಖರೇನ."

ಅಮ್ಮ ಎದ್ದು ಟ್ರಂಕಿನಿಂದ ಬಟ್ಟೆ ಒಂದೊಂದಾಗಿ ಹೊರಗೆ ತೆಗೆದಳು.

ಇನ್ನೆರಡು ದಿನ ಇದ್ದೆವು. ಐದನೆಯ ದಿನ ಸಂಜೆ ಅವಳಿಗೆ ಜ್ವರ ಬಂತು, ನಳಿಕೆಯ ಸುತ್ತ ಕೆಂಪಾಯಿತು. ಮೂತ್ರ ಎರಡು ಔನ್ಸಿನ ಮೇಲೆ ಏರಲಿಲ್ಲ. ಡಾಕ್ಟರು ಬಂದು ಅವಳ ಎದುರಿಗೇ ತೆಲುಗಿನಲ್ಲಿ ಅಪ್ಪನಿಗೆ, ಇನ್ನು ಮುಂದುವರಿಸಿದರೆ ಅದು ಪಾಪುವಿಗಾಗಿ ಅಲ್ಲ, ನಮಗಾಗಿ ಎಂದರು. ಅಪ್ಪ ಅವಳನ್ನು ಕೇಳಿದರು. ಅವಳು ಆ ಬಾಟಲಿಗಳನ್ನು ಒಮ್ಮೆ ನೋಡಿ, "ಸಾಕು. ಈಗ ಊರಿಗೆ," ಎಂದಳು. ಒಟ್ಟು ಐವತ್ತೊಂಬತ್ತು ಸುತ್ತು. ಮೂರು ದಿನಕ್ಕೆ ನಿಲ್ಲಿಸಿದ್ದರೆ ಮೂವತ್ತಾರು. ಉಳಿದ ಇಪ್ಪತ್ತಮೂರರಿಂದ ಏನಾಯಿತೆಂದು ಬಹಳ ಸಲ ಯೋಚಿಸಿದ್ದೇನೆ. ಮೂತ್ರಪಿಂಡಕ್ಕೆ ಏನೂ ಆಗಲಿಲ್ಲ. ಜ್ವರ ಬಂತು. ಆದರೆ ನಾಲ್ಕನೆಯ ದಿನ ಮಧ್ಯಾಹ್ನ ಅವಳು ಎದ್ದು ಕೂತು ಪಕ್ಕದ ಮಂಚದ ಹುಡುಗಿಗೆ ಎಣಿಸುವುದನ್ನು ಕಲಿಸಿದಳು, ಕನ್ನಡದಲ್ಲಿ ಹತ್ತರವರೆಗೆ. ಅದನ್ನು ಯಾವ ಕಡೆಗೆ ಬರೆಯುವುದು, ಒಳಗೆ ಹೋದದ್ದಕ್ಕೋ ಹೊರಗೆ ಬಂದದ್ದಕ್ಕೋ?

ಊರಿಗೆ ಬಂದ ಮೇಲೆ ಅವಳು ಇಪ್ಪತ್ತಾರು ದಿನ ಇದ್ದಳು. ನಮ್ಮ ಡಾಕ್ಟರು ದಿನಾ ಬಂದು ಹೋಗುತ್ತಿದ್ದರು. ಅಳೆಯುವುದನ್ನು ನಿಲ್ಲಿಸು ಎಂದು ಅವರೇ ನನಗೆ ಹೇಳಿದರು. ಇನ್ನು ಆ ಅಂಕಿ ಯಾರಿಗೂ ಬೇಡ. ಅದರ ಬದಲು ಮನೆಯಲ್ಲಿ ಹೊಸ ರೂಢಿಯೊಂದು ಬಂತು. ಬೆಳಿಗ್ಗೆ ಎದ್ದ ಕೂಡಲೆ ಯಾರಾದರೂ ಹೋಗಿ ಅವಳನ್ನು ಕೇಳುವುದು: ಇವತ್ತು ಸೂಜಿ ಬೇಕೋ ಬೇಡವೋ, ಔಷಧಿ ಈಗಲೋ ಆಮೇಲೋ, ಮಂಚ ಕಿಟಕಿಯ ಹತ್ತಿರವೋ ಗೋಡೆಯ ಹತ್ತಿರವೋ. ಕೂಸನ್ನು ಕೇಳುತ್ತಾರೇನು ಎಂದಿದ್ದ ಅಜ್ಜಿಯೇ ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದರು. ಒಂದು ದಿನ ಬೇಸತ್ತು ತಂಗಿ, "ಅಜ್ಜಿ, ಇದೊಂದು ನೀನ ಹೇಳಿಬಿಡು," ಎಂದದ್ದೂ ಉಂಟು. ಕೇಳುವುದೂ ಒಂದು ಭಾರ ಹೊರಿಸಿದಂತೆ ಎಂದು ಅವತ್ತು ಗೊತ್ತಾಯಿತು. ಆಮೇಲೆ ಅಜ್ಜಿ ಎರಡು ಪ್ರಶ್ನೆಗೆ ಒಂದನ್ನು ತಾವೇ ಹೇಳಿಬಿಡುತ್ತಿದ್ದರು.

ಆ ಇಪ್ಪತ್ತಾರನೆಯ ದಿನ, ಆಶ್ವೀಜದ ಒಂದು ಗುರುವಾರ, ಬೆಳಿಗ್ಗೆ ಅವಳ ಉಸಿರು ಮೇಲೆ ಮೇಲೆ ಬರುತ್ತಿತ್ತು. ಅಮ್ಮ ಮಂಚದ ಪಕ್ಕದಲ್ಲಿ ಕೂತು, "ಡಾಕ್ಟರು ಸೂಜಿ ತಂದಾರ. ಚುಚ್ಚಿಸಿಕೊಂತೀಯೇನವ್ವ? ಬ್ಯಾಡೇನು?" ಎಂದು ಕೇಳಿದಳು.

ತಂಗಿ ಅಮ್ಮನ ಕೈಯಲ್ಲಿದ್ದ ಲೋಟ ನೋಡಿದಳು. ಹೊತ್ತು ಹುಟ್ಟುವ ಮುಂಚೆ ಮಾಡಿದ ಚಹಾ, ಕೆನೆಗಟ್ಟಿತ್ತು.

"ನೀ ಮೊದಲ ಚಾ ಕುಡಿ," ಎಂದಳು. "ಆಮ್ಯಾಲೆ ಹೇಳ್ತೀನಿ."

ಅಮ್ಮ ಕುಡಿದಳು, ಅವಳು ನೋಡುತ್ತಿರುವಾಗಲೇ, ಪೂರ್ತಿ. ಆಮೇಲೆ ತಂಗಿ ಬೇಡವೆಂದು ತಲೆಯಾಡಿಸಿದಳು. ಡಾಕ್ಟರು ಪೆಟ್ಟಿಗೆ ಮುಚ್ಚಿ, ಹೋಗದೆ, ಅಲ್ಲೇ ಹೊಸ್ತಿಲ ಹತ್ತಿರ ನಮ್ಮ ಜೊತೆ ಕೂತರು.